ಪರದೆಯ ಮೇಲಿನ ಅಜ್ಜ

"ತಪ್ಪು ಮಾಡಿದವಳನ್ನು ಕಳಿಸಿಬಿಟ್ಟ ಮೇಲೆಯೂ ನನಗೇಕೆ ಅಂಜಿಕೆ, ಗುರುಗಳೇ?" ಎಂದು ದಾಕ್ಷಾಯಿಣಿ ಕೇಳಿದಳು.

ದಾಕ್ಷಾಯಿಣಿ ಮಠದ ಭಜನಾ ಮೇಳದ ಮುಖ್ಯ ಹಾಡುಗಾರ್ತಿ. ಅವಳ ಮನೆತನ ಮೂರು ತಲೆಮಾರಿನಿಂದ ಆ ಮಠದಲ್ಲಿ ಹಾಡಿಕೊಂಡು ಬಂದದ್ದು. ಆ ಮನೆಯವರು ಬಂದು ಕೂರದೆ ಅಲ್ಲಿ ಪ್ರಾರ್ಥನೆ ಶುರುವಾದದ್ದಿಲ್ಲ. ಅವರ ಹಾಡಿನಲ್ಲಿ ಯಾರೂ ಕುಂದು ಹುಡುಕಿದ್ದಿಲ್ಲ. ಅವಳ ಅಜ್ಜ ಹಾಡಿನ ಕೊನೆಯ ಸಾಲನ್ನು ಉದ್ದಕ್ಕೆ ಎಳೆದು ಹಾಡುತ್ತಿದ್ದರು. ಆ ಎಳೆತ ಆ ಮನೆಯ ಗುರುತಾಗಿ ಉಳಿದಿತ್ತು. ದಾಕ್ಷಾಯಿಣಿ ಅದನ್ನು ಇನ್ನೂ ಉದ್ದಕ್ಕೆ ಎಳೆಯುತ್ತಿದ್ದಳು. ಈಚೆಗೆ ಸರಿಯಾಗಿ ಆ ಸಾಲಿಗೇ ತಾಳ ತಪ್ಪತೊಡಗಿತ್ತು. ದಾಕ್ಷಾಯಿಣಿ ತಾಳ ಹಾಕುವ ನೀಲವ್ವನನ್ನು ಎಲ್ಲರ ಎದುರಿಗೆ ಎಬ್ಬಿಸಿ ಮನೆಗೆ ಕಳಿಸಿದ್ದಳು.

"ಈಗ ತಾಳ ಸರಿಹೋಗಿದೆಯೇ?" ಎಂದು ಗುರುಗಳು ಕೇಳಿದರು.

"ಸರಿಹೋಗಿದೆ. ಆದರೂ ಹಾಡಲು ಕುಳಿತರೆ ಎದೆ ಹೊಡೆದುಕೊಳ್ಳುತ್ತದೆ."

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಯಜಮಾನಿ ಇದ್ದಳು. ನೀರೆತ್ತುವ ಪಂಪಿಗೆ ಉಕ್ಕಿನ ಶಾಫ್ಟುಗಳನ್ನು, ಅಂದರೆ ತಿರುಗುವ ದಂಡಗಳನ್ನು, ಕಡೆದು ಕೊಡುವ ಕಾರ್ಖಾನೆ ಅವಳದು. ಅದನ್ನು ಕಟ್ಟಿದವನು ಅವಳ ಅಜ್ಜ. ಆ ಕಾರ್ಖಾನೆಯ ಶಾಫ್ಟನ್ನು ಅಳೆಯದೆ ಕೊಳ್ಳಬಹುದು ಎಂದು ಜನ ಹೇಳುತ್ತಿದ್ದರು. ಅಲ್ಲಿ ಒಂದು ಪದ್ಧತಿ ಇತ್ತು. ಯಾವ ಯಂತ್ರ ಬಂದರೂ ಅದರ ಮೇಲುಗಡೆ ಅಜ್ಜನ ಪಟ ಬರಬೇಕು. ಪಟಕ್ಕೆ ಹೂ ಏರಿದ ಮೇಲೆಯೇ ಯಂತ್ರ ತಿರುಗಬೇಕು.

ಒಮ್ಮೆ ಶಾಫ್ಟು ಕಡೆಯುವ ಯಂತ್ರವಾದ ಲೇತನ್ನು ನಡೆಸುವ ಪೆಟ್ಟಿಗೆ ಸುಟ್ಟುಹೋಯಿತು. ಅಂಥ ಪೆಟ್ಟಿಗೆಯನ್ನು ಈಗ ಯಾರೂ ಮಾಡುತ್ತಿರಲಿಲ್ಲ. ಯಜಮಾನಿ ಅಟ್ಟದ ಮೇಲಿದ್ದ ಒಂದು ಹಳೆಯ ಕಂಪ್ಯೂಟರನ್ನು ಇಳಿಸಿದಳು. ಲೇತನ್ನು ಕಂಪ್ಯೂಟರಿನಿಂದಲೇ ನಡೆಸುವ ತಂತ್ರಾಂಶವನ್ನು ಅದಕ್ಕೆ ಹಾಕಲು ನಿಶ್ಚಯಿಸಿದಳು. ಅವಳು ಓದಿದವಳು. ತಾನು ಮಾಡಬಲ್ಲದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ.

ತಂತ್ರಾಂಶದ ಜೊತೆಗೆ ಬಂದ ಸೂಚನೆಯನ್ನು ಅವಳು ಸಾಲು ಬಿಡದೆ ಓದಿದಳು. ಕಂಪ್ಯೂಟರು ಲೇತಿಗೆ ವಿದ್ಯುತ್ತಿನ ಮಿಡಿತದ ಮೇಲೆ ಮಿಡಿತ ಕಳಿಸುತ್ತದೆ. ಒಂದೊಂದು ಮಿಡಿತಕ್ಕೂ ಮೋಟರು ಉಳಿಯನ್ನು ಕೂದಲೆಳೆಯಷ್ಟು ಸರಿಸುತ್ತದೆ. ಮಿಡಿತ ತಡವಾದರೆ ಮೋಟರು ಹಿಂದೆ ಬೀಳುತ್ತದೆ. ಹಿಂದೆ ಬಿದ್ದದ್ದು ಕಂಪ್ಯೂಟರಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಈ ಕಂಪ್ಯೂಟರಿಗೆ ಬೇರೆ ಯಾವ ಕೆಲಸವೂ ಇರಕೂಡದು. ಸೂಚನೆಯಲ್ಲಿ ಇದ್ದದ್ದು ಇಷ್ಟು.

ಅವಳು ಇಂಟರ್‌ನೆಟ್ಟಿನ ತಂತಿ ಕಿತ್ತಳು. ವೈರಸ್ಸು ಕಾಯುವ ತಂತ್ರಾಂಶ ತೆಗೆದಳು. ಸದ್ದು ಅಡಗಿಸಿದಳು. ಮಕ್ಕಳು ಎಂದೋ ಹಾಕಿಕೊಂಡಿದ್ದ ಆಟಗಳನ್ನು ಅಳಿಸಿದಳು. ಒಳಗಿನ ಧೂಳನ್ನು ಕೂಡ ಒರೆಸಿದಳು. ಎಲ್ಲವೂ ಮುಗಿದ ಮೇಲೆ ಪಟದ ನೆನಪಾಯಿತು. ಲೇತಿನ ಮೇಲೆ ಅಜ್ಜನಿದ್ದಾನೆ. ಲೇತನ್ನು ನಡೆಸುವ ಕಂಪ್ಯೂಟರಿನ ಮೇಲೆ ಬೇಡವೇ? ಯಾರೂ ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಪರದೆ ಕಪ್ಪಾಗಿ ಅದರೊಳಗಿಂದ ಅಜ್ಜನ ಮುಖ ಮೆಲ್ಲನೆ ಮೂಡಿ ಬರುವಂತೆ ಅವಳು ಏರ್ಪಾಡು ಮಾಡಿದಳು. ಅದು ಕಂಪ್ಯೂಟರಿಗೆ ಇನ್ನೊಂದು ಕೆಲಸ ಎಂದು ಅವಳಿಗೆ ಅನ್ನಿಸಲಿಲ್ಲ. ಅವಳ ಲೆಕ್ಕದಲ್ಲಿ ಅದು ಮರ್ಯಾದೆ.

ಆ ಲೇತಿಗೆ ಒಬ್ಬ ಕೆಲಸಗಾರನಿದ್ದ. ಬೇರೆ ಊರಿನಿಂದ ಬಂದು ನಿಂತವನು. ಯಂತ್ರ ಶುರುವಾದ ಮೇಲೆ ಅವನ ಕಣ್ಣು ಉಳಿಯ ಮೇಲೆ, ಬೆನ್ನು ಪರದೆಗೆ. ಮೊದಲು ಯಜಮಾನಿಯೇ ಪರದೆಯ ಮುಂದೆ ನಿಂತು ಮೌಸು ಆಡಿಸುತ್ತ ತೆಗೆಸಿದ ಶಾಫ್ಟುಗಳು ಸರಿಯಾಗಿದ್ದವು. ಆಮೇಲೆ ನಡುನಡುವೆ ಒಂದೊಂದರ ಮೈಯಲ್ಲಿ ಇರಬಾರದ ಕಚ್ಚು ಕಾಣಿಸತೊಡಗಿತು. ಕೊಳ್ಳುವವರು ಒಂದು ಲಾರಿ ಮಾಲನ್ನು ಹಿಂದಕ್ಕೆ ಕಳಿಸಿದರು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೇಳಿಯೂ ಕಳಿಸಿದರು.

ಯಜಮಾನಿಗೆ ಅನ್ನ ರುಚಿಸದಾಯಿತು. ಅಜ್ಜ ಕಟ್ಟಿದ ಹೆಸರು ತನ್ನ ಕಾಲದಲ್ಲಿ ಹೋಗುತ್ತದೆ ಎಂಬ ಭಯ ಅವಳನ್ನು ಕೂರಲು ಬಿಡಲಿಲ್ಲ. ಲೇತು ಟಕ್ ಎಂದರೆ ಸಾಕು, ಓಡಿ ಬರುತ್ತಿದ್ದಳು. ಬಂದವಳೇ ಮೌಸನ್ನು ಅಲುಗಿಸುತ್ತಿದ್ದಳು. ಅಜ್ಜ ಮರೆಯಾಗಿ ಅಂಕಿಗಳು ಬರುತ್ತಿದ್ದವು. ಅಂಕಿಗಳೆಲ್ಲ ಸರಿಯಾಗಿರುತ್ತಿದ್ದವು. ಅವಳು ಅಲ್ಲಿ ನಿಂತು ಮೌಸು ಆಡಿಸುತ್ತಿರುವಷ್ಟು ಹೊತ್ತು ಲೇತೂ ಸರಿಯಾಗಿ ನಡೆಯುತ್ತಿತ್ತು.

"ಅಮ್ಮಾವ್ರೇ, ನೀವು ಬಂದು ನಿಂತರೆ ಇದು ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ ನಡೆಯುತ್ತದೆ. ನೀವು ಅತ್ತ ಹೋದದ್ದೇ ತಡ, ಎಡವುತ್ತದೆ" ಎಂದು ಕೆಲಸಗಾರ ನಕ್ಕ.

"ಯಂತ್ರ ಮುಖ ನೋಡಿ ಮಣೆ ಹಾಕುವುದಿಲ್ಲ. ಎಡವುತ್ತಿರುವುದು ನಿನ್ನ ಕೈ."

"ಗುಂಡಿ ಒತ್ತಿದ ಮೇಲೆ ನಾನು ಏನನ್ನೂ ಮುಟ್ಟುವುದಿಲ್ಲ, ಅಮ್ಮಾವ್ರೇ. ಕೈ ಕಟ್ಟಿಕೊಂಡು ನಿಲ್ಲುತ್ತೇನೆ."

"ಹಾಗಾದರೆ ತಪ್ಪು ಕಂಪ್ಯೂಟರಿನದೇ? ಅದನ್ನು ಸಜ್ಜು ಮಾಡಿದವಳು ನಾನು."

"ನಿಮ್ಮದೂ ಅಲ್ಲ, ಅದರದೂ ಅಲ್ಲ. ನನ್ನ ಹಣೆಬರಹದ್ದು ಎಂದು ಇಟ್ಟುಕೊಳ್ಳಿ."

ಉಳಿದವರು ನಕ್ಕರು. ಯಜಮಾನಿ ನಗಲಿಲ್ಲ. ಅಂದೇ ಅವನನ್ನು ಎಲ್ಲರ ಎದುರಿಗೆ ಕೆಲಸದಿಂದ ಬಿಡಿಸಿದಳು.

ವಾರದ ರಜೆಯ ದಿನ ಅವಳು ಒಬ್ಬಳೇ ಕಾರ್ಖಾನೆಗೆ ಬಂದಳು. ಅವನ ಮಾತು ಸುಳ್ಳು ಎಂದು ತನಗೆ ತಾನೇ ತೋರಿಸಿಕೊಳ್ಳಬೇಕಾಗಿತ್ತು. ಶಾಫ್ಟು ಕೂರಿಸಿದಳು, ಗುಂಡಿ ಒತ್ತಿದಳು. ಅವನು ಹೇಳಿದಂತೆಯೇ ಏನನ್ನೂ ಮುಟ್ಟದೆ ಕೈ ಕಟ್ಟಿಕೊಂಡು ಪರದೆಯ ಎದುರು ಕುಳಿತಳು. ಲೇತು ಸರಾಗವಾಗಿ ತಿರುಗಿತು. ಅವಳ ಮನಸ್ಸು ಹಗುರವಾಗತೊಡಗಿತು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಅಜ್ಜನ ಪೇಟ ಮೂಡಿತು, ಮೀಸೆ ಮೂಡಿತು, ಕಣ್ಣು ಮೂಡಿತು. ರೂಢಿಯಂತೆ ಅವಳು ಕೈ ಮುಗಿದಳು. ಮುಗಿದ ಕೈ ಬಿಡುವ ಮೊದಲೇ ಲೇತು ಟಕ್ ಎಂದಿತು.

ಶಾಫ್ಟಿನ ಮೈಮೇಲೆ ಅದೇ ಕಚ್ಚು.

ಅವಳು ಇನ್ನೊಂದು ಶಾಫ್ಟು ಕೂರಿಸಿ ಕಾದಳು. ಅಜ್ಜ ಬಂದ, ಲೇತು ಎಡವಿತು. ಅವಳು ತಿರುಗಿ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಅಜ್ಜನನ್ನು ಪರದೆಯಿಂದ ತೆಗೆದಳು. ಕಚ್ಚು ಬಿದ್ದ ಎರಡೂ ಶಾಫ್ಟುಗಳನ್ನು ಗುಜರಿಯ ರಾಶಿಯ ಅಡಿಗೆ ತಳ್ಳಿ ಮನೆಗೆ ಹೋದಳು.

ಆಮೇಲೆ ಒಂದು ಶಾಫ್ಟೂ ಕೆಡಲಿಲ್ಲ. ಕೊಳ್ಳುವವರು ಮತ್ತೆ ಅಳೆಯದೆ ಒಯ್ದರು. "ಆ ಮನುಷ್ಯ ತೊಲಗಿದ್ದೇ ಯಂತ್ರ ಸರಿಹೋಯಿತು ನೋಡಿ" ಎಂದು ಎಲ್ಲರೂ ಹೇಳಿದರು. ಅವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಆ ಮಾತು ಊರಿನ ಇತರ ಕಾರ್ಖಾನೆಗಳನ್ನು ಮುಟ್ಟಿತು. ಕೈ ನೆಟ್ಟಗಿಲ್ಲದವನು ಎಂದು ಅವನನ್ನು ಯಾರೂ ಲೇತಿನ ಹತ್ತಿರ ಸೇರಿಸಲಿಲ್ಲ.

ಮೊದಲು ಯಂತ್ರ ಎಡವಿದಾಗ ಯಜಮಾನಿಯ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಎಡವದೆ ನಡೆದಾಗ ಹೊಡೆದುಕೊಳ್ಳತೊಡಗಿತು. ಸರಿಯಾಗಿ ಬಂದ ಒಂದೊಂದು ಶಾಫ್ಟೂ ಅವನ ಮೇಲೆ ಹೇಳಿದ ಒಂದೊಂದು ಸುಳ್ಳು ಸಾಕ್ಷಿ. ಆ ಸಾಕ್ಷಿಗಳನ್ನು ಅವಳ ಕಾರ್ಖಾನೆ ದಿನವಿಡೀ ಕಡೆಯುತ್ತಿತ್ತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

"ಆಮೇಲೆ ಆ ಯಜಮಾನಿ ಏನು ಮಾಡಿದಳು?" ಎಂದು ದಾಕ್ಷಾಯಿಣಿ ಕೇಳಿದಳು.

"ಕೊನೆಯ ಸಾಲನ್ನು ಎಳೆಯುವುದನ್ನು ನೀನು ಯಾವಾಗ ಬಿಟ್ಟೆ?" ಎಂದು ಗುರುಗಳು ಕೇಳಿದರು.

"ನೀಲವ್ವನನ್ನು ಕಳಿಸಿದ ಮರುದಿನವೇ" ಎಂದು ದಾಕ್ಷಾಯಿಣಿ ಮೆಲ್ಲನೆ ಹೇಳಿದಳು.

"ಹೋಗು, ಎಲ್ಲರ ಎದುರಿಗೆ ನೀಲವ್ವನ ಕ್ಷಮೆ ಕೇಳು."