ಕತ್ತರಿಸಿದ ಎಳೆಗಳು

"ಗುರುಗಳೆ, ಮಾಡಿದ ತಪ್ಪನ್ನು ಸದ್ದಿಲ್ಲದೆ ಸರಿಪಡಿಸಿದರೆ ಸಾಲದೆ? ಹೇಳಿಕೊಳ್ಳಲೂಬೇಕೆ?" ಎಂದು ಶಿಷ್ಯ ಮರುಳಪ್ಪ ಕೇಳಿದ.

ಗುರುಗಳು ಅವನ ಮುಖ ನೋಡಿದರು. "ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಡ. ಸುಮ್ಮನೆ ಕತೆ ಕೇಳು," ಎಂದರು.

ಒಬ್ಬ ವೈರ್‌ಮನ್ ಇದ್ದ. ಹಿಟ್ಟಿನ ಗಿರಣಿಯೊಂದಕ್ಕೆ ದೊಡ್ಡ ಮೋಟಾರು ಬಂತು. ಕೇಬಲನ್ನು ಅವನೇ ಆರಿಸಿದ. ತೆಳುವಾದದ್ದು ಇಷ್ಟು ಕರೆಂಟು ಹರಿದರೆ ಕಾದು ಬಿಸಿಯಾಗುತ್ತದೆ, ಒಂಟಿ ತಂತಿಯದು ಮೋಟಾರಿನ ಅದುರಾಟಕ್ಕೆ ಮುರಿಯುತ್ತದೆ, ಸಣ್ಣ ಎಳೆಗಳು ಬಹಳ ಸೇರಿದ ದಪ್ಪ ಕೇಬಲೇ ಬೇಕು ಎಂದ. ಮಾತು ಸರಿಯಾಗಿಯೇ ಇತ್ತು.

ಆದರೆ ಕೇಬಲಿನ ತುದಿ ಸ್ವಿಚ್ಚಿನ ತೂತಿಗೆ ಹಿಡಿಸಲಿಲ್ಲ. ದೊಡ್ಡ ಸ್ವಿಚ್ಚಿಗೆ ಪಕ್ಕದ ಊರಿಗೆ ಹೋಗಬೇಕು. ಹೊರಗೆ ಜೋಳದ ಡಬ್ಬಿ ಇಟ್ಟುಕೊಂಡ ಜನ ಗೊಣಗುತ್ತಿದ್ದರು. ಅವನು ತುದಿಯಲ್ಲಿ ಅರ್ಧದಷ್ಟು ಎಳೆಗಳನ್ನು ಕತ್ತರಿಸಿ, ಉಳಿದವನ್ನು ತೂರಿಸಿ, ಸ್ಕ್ರೂ ಬಿಗಿದು, ಮುಚ್ಚಳ ಹಾಕಿದ. ಮೇಲೆ ನೋಡಿದವರಿಗೆ ಕೇಬಲು ದಪ್ಪಗೇ ಇತ್ತು.

ಎಲ್ಲ ಎಳೆಗಳಲ್ಲಿ ಹಂಚಿ ಹರಿಯಬೇಕಾದ ಕರೆಂಟು ಅಲ್ಲಿ ಅರ್ಧದಲ್ಲೇ ನುಗ್ಗಬೇಕಾಯಿತು. ತುದಿ ದಿನವೂ ಕಾದು ಕಾದು, ಒಂದು ಬೆಳಗ್ಗೆ ಸ್ವಿಚ್ಚು ಹೊತ್ತಿಕೊಂಡಿತು. ಅದನ್ನು ಆಫ್ ಮಾಡಲು ಹೋದ ಗಿರಣಿಯವನ ಹೆಂಡತಿಯ ಅಂಗೈ ಸುಟ್ಟಿತು.

ವೈರ್‌ಮನ್ ಓಡಿ ಬಂದ. ಗಿರಣಿಯವನು, "ನಿಮ್ಮ ಕೆಲಸಕ್ಕೆ ಹೆಸರಿಡೋ ಹಾಗಿಲ್ಲ ಬಿಡಿ. ಇವಳೇ ಒದ್ದೆ ಕೈಲಿ ಮುಟ್ಟಿದಾಳೆ. ಎಷ್ಟು ಸಲ ಹೇಳಿದೀನಿ!" ಎಂದು ಜನರೆದುರೇ ಗದರಿದ. ಅವಳು ಬಟ್ಟೆ ಸುತ್ತಿದ ಕೈಯನ್ನು ಸೆರಗಿನಲ್ಲಿ ಮರೆಮಾಡಿಕೊಂಡಳು. "ತಪ್ಪು ನಂದೇ ಅಣ್ಣಾ. ನಿಮಗೂ ತೊಂದ್ರೆ ಕೊಟ್ಟೆ," ಎಂದು ಇನ್ನೊಂದು ಕೈಯಿಂದ ಮಜ್ಜಿಗೆ ಕೊಟ್ಟಳು.

ನಿಜ ಅವನ ನಾಲಿಗೆಯ ತುದಿಗೆ ಬಂದಿತ್ತು. ಮಜ್ಜಿಗೆಯ ಜೊತೆ ಅದನ್ನೂ ನುಂಗಿದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಂದೇ ದೊಡ್ಡ ಸ್ವಿಚ್ಚು ತಂದ, ಕೇಬಲಿನ ಸುಟ್ಟ ತುದಿ ತೆಗೆದ, ಒಂದು ಎಳೆಯನ್ನೂ ಬಿಡದೆ ಕೂಡಿಸಿದ. ಕೂಲಿ ಬೇಡವೆಂದ. ಜನ ಅವನನ್ನು ಹೊಗಳಿದರು. ಆಮೇಲೆ ಆ ಗಿರಣಿಯಲ್ಲಿ ಕಿಡಿ ಹಾರಲಿಲ್ಲ. ಅವಳು ಮಾತ್ರ ಮತ್ತೆ ಸ್ವಿಚ್ಚು ಮುಟ್ಟಲಿಲ್ಲ. ಬೀಸಲು ಬಂದವರು ಅವಳನ್ನು ತೋರಿಸಿ ತಮ್ಮ ಸೊಸೆಯರಿಗೆ ಬುದ್ಧಿ ಹೇಳುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು.

"ಕೊನೆಗೆ ಎಲ್ಲವನ್ನೂ ಸರಿ ಮಾಡಿದನಲ್ಲ, ಗುರುಗಳೆ. ಇನ್ನೇನು ಉಳಿಯಿತು?" ಎಂದ ಮರುಳಪ್ಪ.

"ಅವನ ನಾಚಿಕೆಯನ್ನು ಆ ತಾಯಿ ಇನ್ನೂ ಹೊತ್ತಿದ್ದಾಳಲ್ಲ ಮಗು, ಅದನ್ನು ಇಳಿಸುವವರು ಯಾರು?"