ಕಡಲು ಮುಷ್ಟಿ ಬಿಚ್ಚಿದ್ದು

ಲೋಕ ಇನ್ನೂ ಹೊಸದಾಗಿತ್ತು, ಆಕಾಶಕ್ಕೆ ಬಳಿದ ನೀಲಿ ಪೂರ್ತಿ ಒಣಗಿರಲಿಲ್ಲ. ಆಗ ಕಡಲಿಗೆ ತೆರೆಗಳೇ ಇರಲಿಲ್ಲ. ಅದು ಕೆರೆಯ ಹಾಗೆ ಸುಮ್ಮನೆ ಮಲಗಿರುತ್ತಿತ್ತು.

ಆ ಕಡಲ ದಡದಲ್ಲಿ ಸೋಮಿ ಎಂಬ ಹೆಂಗಸಿದ್ದಳು. ಹಲಗೆಗೆ ಹಲಗೆ ಸೇರಿಸಿ, ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ದೋಣಿ ಕಟ್ಟುತ್ತಿದ್ದಳು. ಅವಳು ಹೊಲಿದ ದೋಣಿಯೊಳಗೆ ಒಂದು ಹನಿ ನೀರೂ ನುಗ್ಗುತ್ತಿರಲಿಲ್ಲ. ಅವಳಿಗೆ ಆ ಹೆಮ್ಮೆ ಇತ್ತು, ಇರಬೇಕಾದದ್ದೇ.

ಆದರೆ ಹೋದ ದೋಣಿಗಳಲ್ಲಿ ಕೆಲವು ತಿರುಗಿ ಬರುತ್ತಿರಲಿಲ್ಲ. ಮಳೆಯಿಲ್ಲ, ಬಿರುಗಾಳಿಯಿಲ್ಲ, ದೋಣಿ ಮಾತ್ರ ಮಾಯ! ಕಂಡವರು ಯಾರೂ ಇಲ್ಲ. ಕಾಣುವುದಾದರೂ ಹೇಗೆ? ದೃಷ್ಟಿ ತಾಗೀತೆಂದು, ದೋಣಿ ಇಳಿಸಿದ ಕೂಡಲೇ ದಡದವರೆಲ್ಲ ಕಡಲಿಗೆ ಬೆನ್ನು ಹಾಕಿ ನಿಲ್ಲುವುದು ಅವರ ಪದ್ಧತಿ.

"ಸೋಮಿಯ ಹೊಲಿಗೆ ಬಿಚ್ಚಿರಬೇಕು" ಎಂದು ಜನ ಗುಸುಗುಸು ಆಡಿಕೊಂಡರು. ಸೋಮಿಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಅವಳ ಅಣ್ಣ ಮಂಕಾಳ ಹೊಸ ದೋಣಿ ಇಳಿಸಿದ. ಎಲ್ಲರೂ ಬೆನ್ನು ಹಾಕಿದರು. ಸೋಮಿ ಹಾಕಲಿಲ್ಲ. ಅವಳು ನೋಡುತ್ತಿದ್ದಂತೆಯೇ ಕಡಲು ಮೆಲ್ಲಗೆ ಕೈ ಎತ್ತಿ, ಅಣ್ಣನನ್ನೂ ದೋಣಿಯನ್ನೂ ಮುಷ್ಟಿಯೊಳಗೆ ಮುಚ್ಚಿಕೊಂಡಿತು.

ಸೋಮಿ ಸೆರಗು ಸಿಕ್ಕಿಸಿ ನೀರಿಗಿಳಿದಳು.

"ಕಡಲಪ್ಪಾ, ಮುಷ್ಟಿ ಬಿಚ್ಚು!"

"ಎಂತ ಮುಷ್ಟಿ? ನನ್ನ ಹತ್ರ ಎಂತದೂ ಇಲ್ಲ" ಎಂದಿತು ಕಡಲು.

"ಗಾಳಿಯಣ್ಣಾ, ನೀನು ಕಂಡಿದ್ದೀಯಲ್ಲ, ಹೇಳು."

"ನಾನು ಆಚೆ ತಿರುಗಿದ್ದೆ ಮಾರಾಯ್ತಿ" ಎಂದು ಗಾಳಿ ಜಾರಿಕೊಂಡಿತು.

"ಹೊಳೆಯಕ್ಕಾ, ನೀನಾದ್ರೂ ಹೇಳು."

"ನಾಳೆಯೂ ನಾನು ಅವನ ಮನೆಗೇ ಹೋಗ್ಬೇಕಲ್ಲ ತಂಗಿ" ಎಂದು ಹೊಳೆ ತಲೆ ತಗ್ಗಿಸಿತು.

"ಹಾಗಾದ್ರೆ ನಾನೇ ಸಾಕ್ಷಿ" ಎಂದಳು ಸೋಮಿ.

ಕಡಲು ಸೊಂಟದವರೆಗೆ ಏರಿತು. ಸೋಮಿ ಕದಲಲಿಲ್ಲ. ಕುತ್ತಿಗೆಯವರೆಗೆ ಏರಿತು. ಸೋಮಿ ಕದಲಲಿಲ್ಲ, ಕಣ್ಣನ್ನೂ ಕೀಳಲಿಲ್ಲ. ಅಷ್ಟು ದೊಡ್ಡ ಕಡಲನ್ನು ಅದುವರೆಗೆ ಯಾರೂ ಹಾಗೆ ನೆಟ್ಟ ಕಣ್ಣಲ್ಲಿ ನೋಡಿರಲಿಲ್ಲ. ಕಡಲಿಗೆ ನಾಚಿಕೆಯಾಯಿತು.

ಅದು ದಡಕ್ಕೆ ಬಂದು ಮರಳಿನ ಮೇಲೆ ಕೈ ಬಿಚ್ಚಿತು. ಅಂಗೈಯಲ್ಲಿ ಮಂಕಾಳ ಕೆಮ್ಮುತ್ತ ಕೂತಿದ್ದ. ದೋಣಿಯ ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ!

"ಆ ಕೈ?" ಎಂದಳು ಸೋಮಿ.

ಕಡಲು ಮುಖ ಸಣ್ಣದು ಮಾಡಿಕೊಂಡು ಇನ್ನೊಂದು ಕೈಯನ್ನೂ ಬಿಚ್ಚಿತು. ಹಿಂದೆ ಹೋದ ಜನರೆಲ್ಲ ದೋಣಿಗಳ ಸಮೇತ ಅಲ್ಲೇ ಇದ್ದರು.

"ಇಷ್ಟು ಚೆಂದದ ಹೊಲಿಗೆ ಎಲ್ಲೂ ಕಂಡಿರ್ಲಿಲ್ಲ. ಆಸೆಯಾಯ್ತು" ಎಂದಿತು.

"ಚೆಂದ ಇದೆ ಅಂತ ನನಗೂ ಗೊತ್ತು" ಎಂದಳು ಸೋಮಿ. "ಇನ್ನು ಮೇಲೆ ನಾವು ಯಾರೂ ನಿನಗೆ ಬೆನ್ನು ಹಾಕೂದಿಲ್ಲ. ನೀನು ಗಳಿಗೆಗೊಮ್ಮೆ ಇಲ್ಲಿಗೆ ಬಂದು ಕೈ ಬಿಚ್ಚಿ ತೋರಿಸ್ಬೇಕು."

ಕಡಲು ಒಪ್ಪಿತು. ಆದರೆ ದೂರದ ನಡುಗಡಲಲ್ಲಿ, ನೋಡುವ ಕಣ್ಣಿಲ್ಲದ ಕಡೆ, ಈಗಲೂ ಒಮ್ಮೊಮ್ಮೆ ಅದಕ್ಕೆ ಹಳೆಯ ಚಾಳಿ ಮರುಕಳಿಸುತ್ತದೆ. ಆಗ ದೊಡ್ಡ ಹಡಗೂ ಮಾಯ, ಮೇಲೆ ಹಾರುವ ವಿಮಾನವೂ ಮಾಯ. ದಡದಲ್ಲಿ ಮಾತ್ರ ಸೋಮಿಯ ಮಾತು ಮೀರುವ ಧೈರ್ಯ ಅದಕ್ಕಿಲ್ಲ. ಅದಕ್ಕೇ ನೀವು ಮರಳಿನಲ್ಲಿ ನಿಂತರೆ, ಒಂದೊಂದು ತೆರೆಯೂ ನಿಮ್ಮ ಕಾಲ ಬುಡದವರೆಗೆ ಓಡಿ ಬಂದು, ಅಂಗೈ ಅಗಲಿಸಿ ತೋರಿಸಿ, ತಿರುಗಿ ಹೋಗುತ್ತದೆ.