ಕೊನೆಯ ಸುತ್ತಿನ ಒಗ್ಗರಣೆ

ಮ್ಯಾರಥಾನ್ ಹುಡುಗರ ಹಾಸ್ಟೆಲಿಗೆ ಬಂದ ಹೊಸ ಕೋಚ್ ಅಡುಗೆಯ ಸಿದ್ದಪ್ಪಾಜಿಯನ್ನು ಕರೆದ. "ಮುದ್ದೆ ಉಂಡು ಓಡೋ ಕಾಲ ಹೋಯ್ತು ಕಣ್ರೀ. ನಾಳೆಯಿಂದ ಓಟ ಮುಗಿದ ಮೇಲೆ ಪ್ರೋಟೀನ್ ಪೌಡರ್ ಒಂದೇ. ನಿಮ್ಮ ಒಲೆ ಬಂದ್."

"ಆಗ್ಲಿ ಸಾರ್. ನನ್ನೊಬ್ಬನ ಹೊಟ್ಟೆಗೆ ಬೇಯಿಸ್ಕೋತೀನಿ" ಅಂದ ಸಿದ್ದಪ್ಪಾಜಿ.

ಮರುದಿನ ಅವನೊಬ್ಬನಿಗೆ ಹಂಡೆ ತುಂಬ ಹುರುಳಿಸಾರು, ಬುಟ್ಟಿ ತುಂಬ ಮುದ್ದೆ ಬೆಂದಿತು. ಹುಡುಗರು ಕೊನೆಯ ಸುತ್ತಿಗೆ ಕಾಲೆಳೆಯುತ್ತಾ ಬರುವ ಹೊತ್ತಿಗೆ ಸರಿಯಾಗಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ. ಘಮ ಮೈದಾನಕ್ಕೆಲ್ಲ ಹರಡಿತು. ಹುಡುಗರು ಬಿದ್ದಂಬೀಳ ಓಡಿಬಂದರು.

"ಪೌಡರ್ ಹೆಸರಿಗೇ ಹೆಂಗೆ ಓಡ್ತಾರೆ ನೋಡ್ರೀ!" ಎಂದು ಗೆರೆಯ ಬಳಿ ನಿಂತಿದ್ದ ಕೋಚ್ ಪೌಡರ್ ಕದಡಿದ ಲೋಟ ಚಾಚಿದ. ಹುಡುಗರು ಗೆರೆ ದಾಟಿದರು, ಕೋಚ್‌ನನ್ನೂ ದಾಟಿ ಅಡುಗೆಮನೆಗೆ ನುಗ್ಗಿದರು. ಕೋಚ್ ಲೋಟ ಹಿಡಿದೇ ಹಿಂದೆ ಓಡಿದ.

ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತವನನ್ನು ಸಿದ್ದಪ್ಪಾಜಿ ಕೇಳಿದ, "ನೀವೂ ಓಡಿ ದಣಿದಿದ್ದೀರಿ ಸಾರ್. ಪೌಡರ್ ಕುಡೀತೀರೋ, ಮುದ್ದೆ ಬಡಿಸ್ಲೋ?"

ಕೋಚ್ ಲೋಟ ಕೆಳಗಿಟ್ಟು ಕೈ ತೊಳೆಯಲು ಹೋದ.